ಟ್ಯಾಗು ಮುರಿದ ದಿನ ನನ್ನ ಕೈ ಬಿಡದೇ ಇದ್ದೋರಿಗೆ

ಎಲ್ರಿಗೂ ನಮಸ್ಕಾರ. ನಿನ್ನೆ ಸಂಜೆ ನಮ್ಮ ತೂಬಿನಕೆರೆ ಶೆಡ್ಡಿಂದ ಹನ್ನೆರಡನೇ ತಿಂಗಳ ಲೋಡು ಹೋಯ್ತು. ಒಂದು ವರ್ಷದಲ್ಲಿ ಒಂದು ಕವರ್ ಕೂಡ ವಾಪಸ್ ಬಂದಿಲ್ಲ. ಲಗೇಜ್ ಆಟೋ ಗೇಟ್ ದಾಟೋವರೆಗೂ ನೋಡ್ತಾ ನಿಂತಿದ್ದೆ, ಆಮೇಲೆ ಒಳಗೆ ಬಂದು ಕೂತ್ಕೊಂಡಾಗ ಒಬ್ಬೊಬ್ರ ಮುಖಾನೂ ನೆನಪಾಯ್ತು, ಇವರಿಗೆಲ್ಲ ಎದುರು ಬದುರು ಥ್ಯಾಂಕ್ಸ್ ಹೇಳೋಕೆ ಹೋದ್ರೆ ನನಗೆ ಮಾತೇ ಬರಲ್ಲ, ಅದಕ್ಕೆ ಬರೀತಿದ್ದೀನಿ.

ಗೊತ್ತಿಲ್ಲದೇ ಇರೋರಿಗೆ ಹೇಳ್ಬಿಡ್ತೀನಿ, ನಾನು ಮಾಡೋದು ಕೇಬಲ್ ಟೈ ಮತ್ತೆ ಕ್ಲಾಂಪು. ಕೇಬಲ್ ಟೈ ಅಂದ್ರೆ ವೈರುಗಳನ್ನ ಸೇರಿಸಿ ಬಿಗಿಯೋ ಪ್ಲಾಸ್ಟಿಕ್ ಪಟ್ಟಿ, ಎಲೆಕ್ಟ್ರಿಷಿಯನ್‌ಗಳು ಟ್ಯಾಗು ಅಂತಾರಲ್ಲ, ಅದೇ. ಡ್ರಾಯಿಂಗ್ ನಂದೇ, ಮೋಲ್ಡ್ ಅಂದ್ರೆ ಸ್ಟೀಲ್ ಅಚ್ಚು ಹೊರಗಡೆ ಮಾಡಿಸ್ತೀನಿ, ಮೋಲ್ಡಿಂಗ್ ನಮ್ಮ ಸೆಕೆಂಡ್ ಹ್ಯಾಂಡ್ ಮಷೀನಲ್ಲಿ. ಒಂದು ಟ್ಯಾಗು ಕೈಗೆ ತಗೊಂಡು ತಲೆ ಭಾಗದ ತೂತೊಳಗೆ ನೋಡಿ, ಅಲ್ಲಿ ಒಂದು ಸಣ್ಣ ನಾಲಿಗೆ ಇರುತ್ತೆ, ಅದಕ್ಕೆ ಎರಡು ಮೂರು ಹಲ್ಲು. ಪಟ್ಟಿ ಒಳಗೆ ಹೋಗುವಾಗ ನಾಲಿಗೆ ಬಾಗಿ ದಾರಿ ಬಿಡುತ್ತೆ, ವಾಪಸ್ ಎಳೆದ್ರೆ ಅದೇ ನಾಲಿಗೆ ಪಟ್ಟಿ ಮೇಲಿರೋ ಹಲ್ಲಿಗೆ ಕಚ್ಕೊಳ್ಳುತ್ತೆ, ಜೋರಾಗಿ ಎಳೆದಷ್ಟೂ ಇನ್ನೂ ಬಿಗಿಯಾಗಿ ಕಚ್ಚುತ್ತೆ. 4.8 ಎಂಎಂ ಅಗಲದ ಟ್ಯಾಗು 22 ಕೆಜಿ ತಡೀಬೇಕು ಅಂತ ಲೆಕ್ಕ. ಆ 22 ಕೆಜಿ ಅಷ್ಟೂ ಹೋಗಿ ಕೂರೋದು ಅಕ್ಕಿಕಾಳಿಗಿಂತ ಚಿಕ್ಕದಾಗಿರೋ ಆ ನಾಲಿಗೆ ಮೇಲೆ. ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೇ ಅದನ್ನ ನೋಡಿ.

ಹೋದ ವರ್ಷ ಫೆಬ್ರವರಿ ಕೊನೇಲಿ ಒಂದು ದಿನ ಪಾಂಡವಪುರದ ಕಡೆಯಿಂದ ಬೋರ್‌ವೆಲ್ ಮೋಟಾರ್ ಇಳಿಸೋ ಅಣ್ಣ ಒಬ್ರು ಬೈಕಲ್ಲಿ ಬಂದ್ರು. ಹಾಲಿನ ಕವರ್ ತುಂಬಾ ಮುರಿದ ಟ್ಯಾಗು. ಟೇಬಲ್ ಮೇಲೆ ಸುರಿದ್ರು. "ನೋಡವ್ವ, ಕಟ್ಟಿ ಬಿಗಿಯೋವಾಗ್ಲೇ ಪಟ್ ಅಂತ ಮುರೀತದೆ. ನಿನ್ ಮಾಲು ಬ್ಯಾಡ ಅಂತ ಯೋಳೋಕ್ ಬರ್ನಿಲ್ಲ ನಾನು, ಯಾಕಿಂಗಾಯ್ತದೆ ನೋಡು ಅಂತ ಯೋಳೋಕ್ ಬಂದೆ" ಅಂದ್ರು. ಅಂಗಡಿಗೆ ವಾಪಸ್ ಎಸೆದು ಬೇರೆ ತಗೋಬಹುದಿತ್ತು, ಅವರಿಗೆ ಅದ್ರಿಂದ ನಷ್ಟ ಏನೂ ಇರ್ಲಿಲ್ಲ. ಅಷ್ಟು ದೂರ ಪೆಟ್ರೋಲ್ ಸುಟ್ಕೊಂಡು ಬಂದ್ರು. ಅವರು ಬಂದ ನಾಲ್ಕನೇ ದಿನಕ್ಕೆ ಮೈಸೂರಿನ ಒಂದು ಪ್ಯಾನಲ್ ಬೋರ್ಡ್ ಮಾಡೋ ಕಡೆಯಿಂದ 40 ಸಾವಿರ ಪೀಸು ಲಾಟ್ ಪೂರ್ತಿ ವಾಪಸ್ ಬಂತು, ಹಳೇ ಬಿಲ್ಲಿನ ದುಡ್ಡೂ ನಿಂತೋಯ್ತು. ಮಷೀನ್ ಸಾಲದ ಕಂತು ಬೇರೆ ತಲೆ ಮೇಲೆ. ಆ ವಾರ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ, ಮನೇಲಿ ನಮ್ಮತ್ತೆ ಒಂದು ಮಾತೂ ಕೇಳ್ದೆ ಮಗೂನ ಪೂರ್ತಿ ಅವರೇ ನೋಡ್ಕೊಂಡ್ರು, ರಾತ್ರಿ ಹನ್ನೊಂದಕ್ಕೆ ಬಂದ್ರೂ ಮುದ್ದೆ ಬಿಸಿ ಇರೋದು. ಅತ್ತೆ, ಇದನ್ನ ಯಾರಾದ್ರೂ ನಿಮಗೆ ಓದಿ ಹೇಳ್ತಾರೆ ಅಂತ ಗೊತ್ತು.

ಮುರಿದ ಪೀಸುಗಳನ್ನ ಕವರಿಗೆ ಹಾಕ್ಕೊಂಡು ನಾನು ಡಿಪ್ಲೊಮಾ ಓದಿದ ಕಡೆ ನಮ್ಮ ಮೇಷ್ಟ್ರ ಹತ್ರ ಹೋದೆ. ರಿಟೈರ್ಮೆಂಟ್ ಹತ್ರ ಇದ್ದಾರೆ, ಕಣ್ಣಿಗೆ ಲೆನ್ಸ್ ಇಟ್ಕೊಂಡು ಒಂದೊಂದೇ ಪೀಸು ತಿರುಗಿಸಿ ತಿರುಗಿಸಿ ನೋಡಿದ್ರು, ಆಮೇಲೆ ಒಂದೇ ಪ್ರಶ್ನೆ ಕೇಳಿದ್ರು: "ನಿನ್ನ ನೈಲಾನು ನೀರು ಕುಡಿದಿದ್ಯೇನಮ್ಮಾ?"

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಹೊಸದಾಗಿ ಈ ಲೈನಿಗೆ ಬರೋ ಹುಡುಗ್ರು ಯಾರಾದ್ರೂ ಓದ್ತಿದ್ರೆ ಅವರಿಗೆ ನನ್ನ ಥರ ಪೆಟ್ಟು ಬೀಳೋದು ಬೇಡ. ಟ್ಯಾಗು ಮಾಡೋದು ನೈಲಾನ್ 66 ಅನ್ನೋ ಪ್ಲಾಸ್ಟಿಕ್ಕಲ್ಲಿ. ಮಷೀನಿಗೆ ಹಾಕೋ ಮುಂಚೆ ಅದು ಒಣಗಿರ್ಬೇಕು, 0.2 ಪರ್ಸೆಂಟಿಗಿಂತ ಕಡಿಮೆ ನೀರಿರ್ಬೇಕು. 260 ಡಿಗ್ರಿ ದಾಟಿ ಕರಗುವಾಗ ಒಳಗೆ ತೇವ ಇದ್ರೆ ಪೀಸಿನ ಮೇಲೆ ಬೆಳ್ಳಿ ಗೆರೆ ಥರ ಬರುತ್ತೆ, ಒಳಗಿನ ಶಕ್ತೀನೂ ಹೋಗುತ್ತೆ. ಅದಕ್ಕೆ ಪ್ಲಾಸ್ಟಿಕ್ ಕಾಳು ಒಣಗಿಸೋ ಹಾಪರ್ ಡ್ರೈಯರ್ ಇದೆ, ಅದನ್ನ ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಿದ್ದೆ. ಆದ್ರೆ ಮೋಲ್ಡಿಂದ ಆಚೆ ಬಿದ್ದ ಮೇಲೆ ಅದೇ ನೈಲಾನಿಗೆ ನೀರು ಬೇಕು! ಸಾಧಾರಣ ಗಾಳೀಲಿ ಇಟ್ರೆ ತನ್ನ ತೂಕದ ಸುಮಾರು 2.5 ಪರ್ಸೆಂಟ್ ತೇವ ಹೀರ್ಕೊಂಡು ಆಗ ಅದಕ್ಕೆ ಬಳುಕು ಬರುತ್ತೆ. ಮಳೆಗಾಲದಲ್ಲಿ ಅದು ತಾನಾಗೇ ಆಗ್ತಿತ್ತು, ನನಗೆ ಗೊತ್ತೇ ಆಗಿರ್ಲಿಲ್ಲ. ಫೆಬ್ರವರಿ ಒಣ ಗಾಳೀಲಿ ಬಿಸಿಬಿಸಿ ಪೀಸನ್ನ ಎಣಿಸಿ ಬಾಯಿ ಕಟ್ಟದ ಕವರಲ್ಲಿ ತುಂಬಿಸಿ ಕಳಿಸಿಬಿಟ್ಟಿದ್ದೆ, ಒಂದೊಂದೂ ಒಣ ಕಡ್ಡಿ ಥರ ಇತ್ತು.

ಬಿಸಿನೀರಲ್ಲಿ ನೆನೆಸಿ ನೋಡು ಅಂದ್ರು ಮೇಷ್ಟ್ರು. ಅಷ್ಟು ದೊಡ್ಡ ಪಾತ್ರೆ ಎಲ್ಲಿಂದ ತರೋದು, ಆಗ ನೆನಪಾಗಿದ್ದು ನಮ್ಮ ಚಿಕ್ಕಪ್ಪನ ಆಲೆಮನೆ. ಎರಡು ವರ್ಷದಿಂದ ಬೆಲ್ಲ ಹಾಕೋದು ನಿಲ್ಸಿದ್ರು, ಕೊಪ್ಪರಿಗೆ ಹಂಗೇ ಒಲೆ ಮೇಲೆ ಕೂತಿತ್ತು. ಚಿಕ್ಕಪ್ಪ ಪ್ರಶ್ನೆ ಕೇಳ್ಲಿಲ್ಲ, ಹಳೇ ಕಬ್ಬಿನ ಸಿಪ್ಪೆ ತಂದು ಒಲೆ ಹಚ್ಚಿದ್ರು. ಪಾಕದ ಹದ ನೋಡಿ ನೋಡಿ ಪಳಗಿದ ಕೈ ಅದು, "ಕುದೀಬಾರ್ದು ಅಂದೆಯಲ್ಲ, ಹಬೆ ಮಾತ್ರ ಆಡ್ಲಿ" ಅಂತ ಹೇಳಿ ಎರಡು ಗಂಟೆ ಉರಿ ಹಂಗೇ ಹಿಡಿದಿಟ್ಟಿದ್ರು. ಬಿಳೀ ಟ್ಯಾಗಿಗೆ ಕಬ್ಬಿಣದ ತುಕ್ಕು ಹತ್ತಿ ಕಂದು ಬಣ್ಣ ಆಯ್ತು, ಕಪ್ಪು ಟ್ಯಾಗು ಚೆನ್ನಾಗಿ ಬಂತು. ಬಟ್ಟೆ ಮೇಲೆ ಹರವಿ ಮೇಲಿನ ನೀರು ಆರಿಸಿದ್ವಿ. ಈಗ ಎಷ್ಟು ನೀರು ಕುಡಿದಿದೆ ಅಂತ ಗೊತ್ತಾಗ್ಬೇಕಲ್ಲ, ನಮ್ಮ ತಕ್ಕಡೀಲಿ ಅಷ್ಟು ಸಣ್ಣ ತೂಕ ಬರಲ್ಲ. ಮಂಡ್ಯ ಪೇಟೆ ಬೀದೀಲಿ ಪರಿಚಯದ ಚಿನ್ನದಂಗಡಿಯವರು ತಮ್ಮ ತೂಕದ ಮಷೀನ್ ಮೇಲೆ 100 ಪೀಸು ಇಟ್ಟು ನೋಡಿದ್ರು. ನೆನೆಸೋಕೆ ಮುಂಚೆ ಅದೇ 100 ಪೀಸು ಅವರ ಹತ್ರಾನೇ ತೂಗಿಸಿದ್ದೆ. ಮೂರೂವರೆ ಗ್ರಾಂ ಹತ್ರ ಜಾಸ್ತಿ ಬಂದಿತ್ತು. ಗಿರಾಕಿಗಳು ಒಡವೆ ನೋಡ್ತಾ ನಿಂತಿರೋವಾಗ ಪ್ಲಾಸ್ಟಿಕ್ ಟ್ಯಾಗು ತೂಗಿ ಚೀಟೀಲಿ ಬರ್ಕೊಟ್ರಲ್ಲ, ಆ ಚೀಟಿ ಇವತ್ತೂ ನನ್ನ ಫೈಲಲ್ಲಿದೆ. ಈಗ ಸ್ಟೀಲ್ ಡ್ರಮ್ ಬಂದಿದೆ, ಕವರಿಗೆ ಒಂದು ಚಮಚ ನೀರು ಹಾಕಿ ಸೀಲ್ ಮಾಡ್ತೀವಿ. ಕವರೊಳಗೆ ನೀರ ಹನಿ ಕಂಡ್ರೆ ದಯವಿಟ್ಟು ಹಳೇ ಮಾಲು ಅಂದ್ಕೋಬೇಡಿ, ಬೇಕು ಅಂತಾನೇ ಹಾಕಿರೋದು, ಬಳಸಿದ ಮೇಲೆ ಕವರ್ ಬಾಯಿ ಮುಚ್ಚಿಡಿ.

ನೀರೊಂದೇ ಕಾರಣ ಆಗಿರ್ಲಿಲ್ಲ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಮೋಲ್ಡ್ ಕೆಲಸ ಮಾಡೋ ಡೈ ಫಿಟ್ಟರ್ ಅಣ್ಣ ಮುರಿದ ಪೀಸನ್ನೆಲ್ಲ ಸಾಲಾಗಿ ಜೋಡಿಸಿ ತೋರಿಸಿದ್ರು, ಎಲ್ಲಾನೂ ಒಂದೇ ಜಾಗದಲ್ಲಿ ಮುರಿದಿತ್ತು, ಪಟ್ಟಿ ತಲೆಗೆ ಸೇರೋ ಕುತ್ತಿಗೆ ಹತ್ರ. ಅಲ್ಲಿ ನಾನು ಡ್ರಾಯಿಂಗಲ್ಲಿ ರೇಡಿಯಸ್ ಅಂದ್ರೆ ದುಂಡಗಿನ ತಿರುವು ಕೊಟ್ಟಿರ್ಲಿಲ್ಲ, ಮೂಲೆ ಚೂಪಾಗಿ ಬಿಟ್ಟಿದ್ದೆ. ಎಳೆತ ಎಲ್ಲಾ ಚೂಪು ಮೂಲೇಲೇ ಬಂದು ಸೇರುತ್ತೆ, ಬಿರುಕು ಅಲ್ಲಿಂದಾನೇ ಶುರು. ತಪ್ಪು ಪೂರ್ತಿ ನಂದು. ಅದೃಷ್ಟಕ್ಕೆ ಪೀಸಿಗೆ ಪ್ಲಾಸ್ಟಿಕ್ ಸೇರಿಸ್ಬೇಕು ಅಂದ್ರೆ ಮೋಲ್ಡಲ್ಲಿ ಸ್ಟೀಲ್ ತೆಗೆದ್ರೆ ಸಾಕು, ಉಲ್ಟಾ ಆಗಿದ್ದಿದ್ರೆ ವೆಲ್ಡಿಂಗ್ ಮಾಡಿ ಮತ್ತೆ ಕೊರೀಬೇಕಾಗಿತ್ತು. ಮೋಲ್ಡಲ್ಲಿ ಟ್ಯಾಗಿನ ಆಕಾರದ ಎಂಟು ಕುಳಿ (ಕ್ಯಾವಿಟಿ) ಇದೆ, ಎಂಟಕ್ಕೂ ತಾಮ್ರದ ಎಲೆಕ್ಟ್ರೋಡ್ ಮಾಡಿ ಸ್ಪಾರ್ಕ್ ಹೊಡೆದು 0.4 ಎಂಎಂ ರೇಡಿಯಸ್ ತೆಗೆದ್ರು, ತಮ್ಮ ಶಿಫ್ಟ್ ಮುಗಿದ ಮೇಲೆ, ಮೂರು ರಾತ್ರಿ. ದುಡ್ಡು ಕೇಳಿದ್ದಕ್ಕೆ ಮಾಲು ಪಾಸಾಗ್ಲಿ ಆಮೇಲೆ ನೋಡೋಣ ಅಂದ್ರು. ಲ್ಯಾಬಿಗೆ ಕಳಿಸೋಕೆ ಮುಂಚೆ ಶೆಡ್ಡಿನ ಜಂತೆಗೆ ಒಂದು ಟ್ಯಾಗು ಬಿಗಿದು 25 ಕೆಜಿ ಅಕ್ಕಿ ಮೂಟೆ ನೇತಾಕಿದ್ವಿ. ನಾವಿಬ್ರೂ ಮಾತಾಡದೆ ನೋಡ್ತಾ ಕೂತಿದ್ವಿ, ರಾತ್ರಿ ಎಲ್ಲಾ ಇತ್ತು, ಬೆಳಿಗ್ಗೇನೂ ಇತ್ತು.

ಕ್ಲಾಂಪಿನ ಕಥೆಗೆ ಮತ್ತೆ ಬೋರ್‌ವೆಲ್ ಅಣ್ಣನೇ ಕಾರಣ. ಮೋಟಾರ್ ಸ್ಟಾರ್ಟ್ ಆದಾಗ ಪೈಪು ಒಂದು ಸಲ ತಿರುಚಿ ಒದರುತ್ತೆ, ಪೈಪಿಗೆ ಕಟ್ಟಿರೋ ಕೇಬಲ್ ಸಡಿಲ ಇದ್ರೆ ಬೋರಿನ ಕೇಸಿಂಗ್ ಪೈಪಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗುತ್ತೆ. ಅದಕ್ಕೆ ಎಲ್ರೂ ಹಳೇ ಟ್ಯೂಬ್ ರಬ್ಬರ್ ಸುತ್ತುತ್ತಾರೆ. ನೀರೊಳಗೆ ನೈಲಾನ್ ಸರಿ ಹೋಗಲ್ಲ, ಪೂರ್ತಿ ಮುಳುಗಿದ್ರೆ ಎಂಟು ಪರ್ಸೆಂಟ್ ಮೇಲೆ ನೀರು ಕುಡಿದು ಉಬ್ಬಿ ಮೆತ್ತಗಾಗುತ್ತೆ, ಹಿಡಿತ ಸಡಿಲ ಆಗುತ್ತೆ. ಹಂಗಾಗಿ ಕೇಬಲ್ಲನ್ನ ಪೈಪಿಗೆ ಹಿಡಿದಿಡೋ ಕ್ಲಾಂಪಿಗೆ ಪಾಲಿಪ್ರೊಪಿಲೀನ್ ಅನ್ನೋ ಬೇರೆ ಪ್ಲಾಸ್ಟಿಕ್ ತಗೊಂಡೆ, ಅದು ನೀರನ್ನ ಮುಟ್ಟೋದೇ ಇಲ್ಲ ಅನ್ಬಹುದು. ಜೊತೆಗೆ ಅದರಲ್ಲಿ ಕಾಗದದಷ್ಟು ತೆಳ್ಳಗೆ ಕೀಲು ಬಿಟ್ರೆ ಸಾವಿರಾರು ಸಲ ಮಡಚಿದ್ರೂ ಕಿತ್ತೋಗಲ್ಲ, ಶಾಂಪೂ ಬಾಟಲಿ ಮುಚ್ಚಳದಲ್ಲಿ ಇರುತ್ತಲ್ಲ ಹಂಗೆ. ಆದ್ರೆ ಒಂದು ಕಂಡೀಷನ್ನು, ಮೋಲ್ಡಿಂದ ಬಿದ್ದ ತಕ್ಷಣ ಇನ್ನೂ ಬೆಚ್ಚಗಿರೋವಾಗಲೇ ಒಂದೆರಡು ಸಲ ಮಡಚ್ಬೇಕು, ಆಗ ಆ ಕೀಲಿನ ಒಳಗಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ಸರಿದು ಗಟ್ಟಿ ಆಗುತ್ತೆ. ಈ ಕೆಲಸ ಮಾಡೋರು ನಮ್ಮ ಪ್ಯಾಕಿಂಗ್ ಅಕ್ಕಂದಿರು, ನಾಲ್ಕು ಜನ. ಮೇ ತಿಂಗಳ ಸೆಕೇಲಿ ಮಷೀನ್ ಪಕ್ಕದಲ್ಲಿ ಕೂತು ಬೆರಳು ಬಿಸಿ ಮಾಡ್ಕೊಂಡು ಒಂದೊಂದನ್ನೂ ಮಡಚಿ ಬಿಚ್ಚಿ ಮಡಚಿ ಬುಟ್ಟಿಗೆ ಹಾಕಿದ್ದಾರೆ. ಕೀಲಿನಲ್ಲಿ ಬಿಳಿ ಗೆರೆ ಕಂಡ ಪೀಸನ್ನ ನಾನು ನೋಡೋಕೆ ಮುಂಚೆ ಅವರೇ ತೆಗೆದಿಟ್ಟಿರ್ತಾರೆ. ದುಡ್ಡು ನಿಂತೋಗಿದ್ದ ಆ ಎರಡು ತಿಂಗಳು ಸಂಬಳ ತಡ ಆದ್ರೂ ಒಬ್ರೂ ಬೇರೆ ಕಡೆ ಹೋಗ್ಲಿಲ್ಲ, ಅಕ್ಕಂದಿರೇ, ಈ ಋಣ ದೊಡ್ಡದು.

ಇನ್ನೊಬ್ರಿಗೂ ಹೇಳ್ಬೇಕು, ಅವರು ಈಗಿಲ್ಲ. ಮಾರಸ್ ಲೋಗನ್ ಅಂತ, ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿಯಲ್ಲಿ ಇದ್ದೋರು. 1956ರಲ್ಲಿ ಬೋಯಿಂಗ್ ವಿಮಾನದ ಕಾರ್ಖಾನೆ ನೋಡೋಕೆ ಹೋದಾಗ ಅಲ್ಲಿ ಸಾವಿರಾರು ವೈರನ್ನ ಮೇಣದ ದಾರದಲ್ಲಿ ಗಂಟು ಹಾಕಿ ಹಾಕಿ ಕೆಲಸದವರ ಬೆರಳು ಜಡ್ಡುಗಟ್ಟಿದ್ದು ಕಂಡ್ರಂತೆ. 1958ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ರು. ಮೊದಮೊದಲಿನ ಟ್ಯಾಗಲ್ಲಿ ಹಲ್ಲು ಉಕ್ಕಿಂದು, ಪೂರ್ತಿ ನೈಲಾನ್ ಆಗಿದ್ದು ಆಮೇಲೆ. ಕೆಲಸ ಮಾಡೋರ ಬೆರಳು ನೋಡಿ ಹುಟ್ಟಿದ ಡಿಸೈನ್ ಅದು, ನಮ್ಮ ಅಕ್ಕಂದಿರ ಬೆರಳಿಗೆ ಈಗ ಹತ್ತಿ ಗ್ಲೌಸ್ ತಂದಿರೋದು ಅದನ್ನ ಓದಿದ ಮೇಲೇನೇ.

ಲಾಟ್ ವಾಪಸ್ ಮಾಡಿದ ಪ್ಯಾನಲ್‌ನೋರಿಗೂ ಥ್ಯಾಂಕ್ಸ್, ಹೊಸ ಸ್ಯಾಂಪಲ್ಲನ್ನ ಮತ್ತೆ ಕೈಗೆ ತಗೊಂಡು ನೋಡಿದ್ರು, ನಿನ್ನೆ ಹೋದ ಲೋಡಲ್ಲಿ ಅರ್ಧ ಅವರದ್ದೇ.

ಮೊನ್ನೆ ಗುರುವಾರ ಬೋರ್‌ವೆಲ್ ಅಣ್ಣ ಮತ್ತೆ ಬಂದಿದ್ರು. ನಾಗಮಂಗಲದ ಕಡೆ ಒಂದು ಬೋರಲ್ಲಿ ಹೋದ ವರ್ಷ ನಮ್ಮ ಮೊದಲನೇ ಸ್ಯಾಂಪಲ್ ಕ್ಲಾಂಪು ಹಾಕಿ ಇಳಿಸಿದ್ರು, ಈಗ ಮೋಟಾರ್ ಸುಟ್ಟೋಗಿದೆ ಅಂತ ಮೇಲೆ ಎತ್ತಿದ್ದಾರೆ. ಹತ್ತತ್ತು ಅಡಿಗೆ ಒಂದರಂತೆ ಹಾಕಿದ ಕ್ಲಾಂಪು ಒಂದೂ ಜಾರಿಲ್ಲ, ಕೇಬಲ್ ಮೇಲೆ ಒಂದು ಗೀರಿಲ್ಲ. ಅದರಲ್ಲಿ ಒಂದನ್ನ ಬಿಚ್ಚಿ ಹಾಲಿನ ಕವರಲ್ಲೇ ಹಾಕ್ಕೊಂಡು ತಂದಿದ್ರು, ಕೆಂಪು ಕೆಸರು ಮೆತ್ಕೊಂಡಿತ್ತು, ಕೀಲು ಬಿಚ್ಚಿ ಮಡಚಿ ನೋಡ್ದೆ, ಟಕ್ ಅಂತ ಕೂತ್ಕೊಳ್ತು. "ಎರಡಿಂಚು ಪೈಪಿಗೂ ಒಂದು ಮಾಡ್ಕೊಡವ್ವ" ಅಂದ್ರು. ಕೆಸರು ತೊಳೀದೆ ಹಂಗೇ ಟೇಬಲ್ ಮೇಲೆ ಇಟ್ಟಿದ್ದೀನಿ, ಪಕ್ಕದಲ್ಲಿ ಎರಡಿಂಚಿನ ಪೈಪ್ ತುಂಡು, ಇವತ್ತು ಬೆಳಿಗ್ಗೆ ವರ್ನಿಯರ್ ಹಿಡಿದು ಅಳತೆ ತಗೊಂಡೆ.