ಹಳ್ಳಿಯ ಹೆಂಗಸರ ಒಡನಾಟಕ್ಕೊಂದು ಜಾಗ ಬೇಕು

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಮನೆಗಳು ಒತ್ತಾಗಿರದೆ ಅಡಿಕೆ ತೋಟಗಳ ಅಂಚಿನಲ್ಲಿ ದೂರ ದೂರ ಹರಡಿಕೊಂಡಿರುವುದರಿಂದ, ಹಳ್ಳಿಯ ಬದುಕನ್ನು ಇಷ್ಟಪಟ್ಟು ಇಲ್ಲಿಯೇ ನೆಲೆಸಿರುವ ಹೆಂಗಸರಿಗೂ ಸಮಾನ ಆಸಕ್ತಿಯ ಗೆಳತಿಯರು ಸಿಗುವುದು ಸುಲಭವಲ್ಲ. ಮದುವೆ, ಶ್ರಾದ್ಧಗಳಲ್ಲಿ ಭೇಟಿಯಾದರೂ ಅಲ್ಲಿ ಬಡಿಸುವ ಗಡಿಬಿಡಿಯೇ ಹೆಚ್ಚು. ಸ್ವಸಹಾಯ ಸಂಘಗಳ ಸಭೆಗಳು ಉಪಯುಕ್ತವೇ ಆದರೂ, ಉಳಿತಾಯ ಮತ್ತು ಸಾಲದ ಕಂತಿನ ಲೆಕ್ಕ ಮುಗಿಯುವಷ್ಟರಲ್ಲಿ ಎಲ್ಲರಿಗೂ ಮನೆಗೆ ಹೊರಡುವ ಹೊತ್ತಾಗಿರುತ್ತದೆ.

ಈ ಕೊರತೆಯನ್ನು ಸೊಗಸಾಗಿ ತುಂಬಿದ್ದು ಶಿರಸಿಯಲ್ಲಿ 2001ರಲ್ಲಿ ಆರಂಭವಾದ ‘ವನಸ್ತ್ರೀ’ ಬಳಗ. ಹಿತ್ತಿಲ ತರಕಾರಿಯ ಬೀಜಗಳನ್ನು ಉಳಿಸಿ ಹಂಚಿಕೊಳ್ಳುವ ಈ ಮಹಿಳೆಯರು ಮಳೆಗಾಲದ ಹೊಸ್ತಿಲಲ್ಲಿ ನಡೆಸುವ ಮಲೆನಾಡು ಮೇಳದಲ್ಲಿ ಬೀಜ, ಗಡ್ಡೆ, ಹೂವಿನ ಗಿಡಗಳು ಕೈ ಬದಲಾಗುತ್ತವೆ. ಬೀಜ ಕೊಟ್ಟವಳು ಅದು ಹುಟ್ಟಿತೇ ಎಂದು ವಿಚಾರಿಸದೆ ಇರಲಾರಳು. ಪಡೆದವಳು ಮುಂದಿನ ವರ್ಷ ಮೊಗೆಕಾಯಿಯ ಬೀಜವನ್ನೋ ಡೇರೆ (ಡೇಲಿಯಾ) ಗಡ್ಡೆಯನ್ನೋ ಕೊಡದೆ ಬಿಡಳು. (ಡೇರೆ ಹೂವಿನ ಬಣ್ಣದ ವಿಷಯದಲ್ಲಿ ಸಣ್ಣ ಪೈಪೋಟಿಯೂ ಇರುತ್ತದೆಂಬುದನ್ನು ಮುಚ್ಚಿಡಬೇಕಾಗಿಲ್ಲ.) ನಿತ್ಯದ ದುಡಿಮೆಯ ನಡುವೆ ತಮ್ಮ ತಿಳಿವಳಿಕೆಗೂ ಬೆಲೆಯಿದೆಯೆಂಬ ಅರಿವು ಮೂಡುವುದು ಇಂಥ ಗೆಳೆತನದಲ್ಲಿಯೇ ಎಂದು ನನ್ನ ನಂಬಿಕೆ.

ಆದರೆ ಮೇಳವೊಂದೇ ಸಾಲದು. ಗ್ರಾಮ ಪಂಚಾಯಿತಿಗಳು ತಮ್ಮ ಗ್ರಂಥಾಲಯ ಅಥವಾ ಸಭಾಭವನವನ್ನು ತಿಂಗಳಿಗೊಂದು ಮಧ್ಯಾಹ್ನ, ಉದ್ಘಾಟನೆ, ಭಾಷಣ, ಫಲಾನುಭವಿಗಳ ಪಟ್ಟಿ ಯಾವುದೂ ಇಲ್ಲದೆ, ಹೆಂಗಸರ ಕೂಟಕ್ಕೆ ಬಿಟ್ಟುಕೊಡಬೇಕು. ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ತಲುಪಲು ಅನುಕೂಲವಾಗುವ ಬಸ್ಸು ಇಲ್ಲದ ಊರುಗಳ ಬಗ್ಗೆ ಸಾರಿಗೆ ಸಂಸ್ಥೆಯೂ ಗಮನ ಹರಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಗೃಹಿಣಿ, ಶಿರಸಿ ತಾಲ್ಲೂಕು