ಹ್ಯಾಂಡೋವರ್ ವೇಳೆ ನರ್ಸಿಂಗ್ ವಿದ್ಯಾರ್ಥಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ವಾರ್ಡಿನಲ್ಲಿ ಒಂದು ಪಾಳಿಯ ನರ್ಸುಗಳು ತಮ್ಮ ರೋಗಿಗಳ ವಿವರವನ್ನು ಮುಂದಿನ ಪಾಳಿಯವರಿಗೆ ಒಪ್ಪಿಸಿ ಹೋಗುವುದನ್ನು ಹ್ಯಾಂಡೋವರ್ ಎನ್ನುತ್ತಾರೆ. ರಾತ್ರಿ ಯಾರಿಗೆ ಜ್ವರ ಏರಿತು, ಯಾರ ಮೂತ್ರದ ಪ್ರಮಾಣ ಇಳಿಯಿತು, ಯಾವ ಔಷಧವನ್ನು ನಿಲ್ಲಿಸಲು ವೈದ್ಯರು ಹೇಳಿದ್ದಾರೆ, ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಯಾರಿಗೆ ತೊಟ್ಟು ನೀರನ್ನೂ ಕೊಡುವಂತಿಲ್ಲ ಎಂಬುದೆಲ್ಲ ಆ ಕೆಲವೇ ನಿಮಿಷಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಬೇಕು. ಪ್ರಾಯೋಗಿಕ ತರಬೇತಿಗೆಂದು ವಾರ್ಡಿಗೆ ಬರುವ ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದರಲ್ಲಿ ಎಷ್ಟು ತಲುಪುತ್ತದೆ ಎಂದು ವಿಚಾರಿಸುವವರು ಕಡಿಮೆ. ಮೊದಲು ವಿದ್ಯಾರ್ಥಿನಿಯಾಗಿ, ಆಮೇಲೆ ಸ್ಟಾಫ್ ನರ್ಸ್ ಆಗಿ, ಕೊನೆಗೆ ಬೋಧಕಿಯಾಗಿ ಹ್ಯಾಂಡೋವರ್ ನಡೆಯುವ ಜಾಗದಲ್ಲಿ ಹಲವು ವರ್ಷ ನಿಂತವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ವಿದ್ಯಾರ್ಥಿಗಳ ಡ್ಯೂಟಿ ಕಾಲೇಜಿನ ವೇಳಾಪಟ್ಟಿಯಂತೆ ನಡೆಯುವುದರಿಂದ ಅನೇಕ ಕಡೆ ಅವರು ವಾರ್ಡಿಗೆ ಕಾಲಿಡುವ ಹೊತ್ತಿಗೆ ಹ್ಯಾಂಡೋವರ್ ಮುಗಿದಿರುತ್ತದೆ. ಸಮಯಕ್ಕೆ ಸರಿಯಾಗಿ ಬಂದರೂ ಹಾಸಿಗೆಯ ಸುತ್ತ ಸಿಬ್ಬಂದಿ ನಿಂತರೆ ಇವರಿಗೆ ಉಳಿಯುವುದು ಅವರ ಬೆನ್ನ ಹಿಂದಿನ ಜಾಗ. ಅಲ್ಲಿಗೆ ಕೇಳಿಸುವ ಮಾತಾದರೂ ಅನುಭವಸ್ಥರು ಅನುಭವಸ್ಥರಿಗೆ ಆಡುವ ಚುಟುಕು ಮಾತು. ‘ಜಿಸಿಎಸ್ 13’ ಎಂದಷ್ಟೇ ಹೇಳಿ ಮುಂದಿನ ಹಾಸಿಗೆಗೆ ಸಾಗುತ್ತಾರೆ. 1974ರಲ್ಲಿ ಗ್ಲಾಸ್ಗೋದಲ್ಲಿ ರೂಪುಗೊಂಡ ಈ ಮಾಪನದಲ್ಲಿ ರೋಗಿಯ ಎಚ್ಚರದ ಮಟ್ಟವನ್ನು 3ರಿಂದ 15ರವರೆಗಿನ ಅಂಕದಲ್ಲಿ ಅಳೆಯುತ್ತಾರೆ ಎಂಬುದು ವಿದ್ಯಾರ್ಥಿನಿಗೆ ಪಾಠದಿಂದ ಗೊತ್ತು. ಆದರೆ ನಿನ್ನೆ 15 ಇದ್ದದ್ದು ಇಂದು 13ಕ್ಕೆ ಇಳಿದಿದ್ದರೆ ವೈದ್ಯರನ್ನು ಕೂಡಲೇ ಕರೆಯಬೇಕು, 9 ಇದ್ದದ್ದು 13ಕ್ಕೆ ಏರಿದ್ದರೆ ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ ಎಂಬುದು ಆ ಒಂದೇ ಅಂಕೆಯಿಂದ ಅವಳಿಗೆ ಹೊಳೆಯುವುದಿಲ್ಲ. ಹದಿಮೂರು ಎಂದು ಚೀಟಿಯಲ್ಲೋ ಅಂಗೈಯಲ್ಲೋ ಬರೆದುಕೊಳ್ಳುತ್ತಾಳೆ. ಆಮೇಲೆ ‘ಎಲ್ಲರ ಬಿಪಿ, ಟೆಂಪರೇಚರ್ ನೋಡಿಬಿಡು’ ಎಂಬ ಆದೇಶ ಬರುತ್ತದೆ.

ನಾನು ಕಲಿಯುತ್ತಿದ್ದ ಕಾಲದಲ್ಲಿ ಇಂಥದೇ ಆದೇಶ ಪಡೆದು ಒಬ್ಬ ಹಿರಿಯರ ಎಡತೋಳಿಗೆ ಬಿಪಿ ಪಟ್ಟಿ ಸುತ್ತಲು ಹೋಗಿದ್ದೆ. ಅವರು ಥಟ್ಟನೆ ಕೈ ಎಳೆದುಕೊಂಡು, ‘ಈ ಕೈ ಬೇಡಮ್ಮ, ಇದು ಡಯಾಲಿಸಿಸ್ ಕೈ’ ಎಂದರು. ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿರುವ ಕೈಗೆ ಪಟ್ಟಿ ಬಿಗಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಆ ಜೋಡಣೆಯೇ ಮುಚ್ಚಿಹೋಗುವ ಅಪಾಯವಿದೆ. ಅಂದು ಬೆಳಿಗ್ಗೆ ಸಿಬ್ಬಂದಿಯ ನಡುವೆ ಈ ವಿಷಯ ಪ್ರಸ್ತಾಪವಾಗಿತ್ತಂತೆ, ನನ್ನ ಕಿವಿಗೆ ಬಿದ್ದಿರಲಿಲ್ಲ. ನನಗೆ ಹ್ಯಾಂಡೋವರ್ ಕೊಟ್ಟವರು ಸ್ವತಃ ರೋಗಿ. ಅವರು ನಿದ್ದೆಯಲ್ಲಿದ್ದಿದ್ದರೆ ಏನಾಗುತ್ತಿತ್ತೋ.

ನರ್ಸುಗಳನ್ನು ದೂರಲು ಇದನ್ನು ಹೇಳುತ್ತಿಲ್ಲ. ರಾತ್ರಿಯಿಡೀ ನಿಂತು ದಣಿದವರಿಗೆ ಮನೆಗೆ ಹೊರಡುವ ಹೊತ್ತಿನಲ್ಲಿ ಪಾಠ ಮಾಡಿ ಎನ್ನುವುದು ನ್ಯಾಯವೂ ಅಲ್ಲ. ವಿಚಿತ್ರವೆಂದರೆ ಹ್ಯಾಂಡೋವರ್ ಹೇಗಿರಬೇಕೆಂಬ ಪಾಠಕ್ಕೆ ತರಗತಿಯಲ್ಲಿ ಕೊರತೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 2007ರಲ್ಲಿ ಪ್ರಕಟವಾದ 9 ರೋಗಿ ಸುರಕ್ಷತಾ ಕ್ರಮಗಳಲ್ಲಿ ಇದೂ ಒಂದು. ಸದ್ಯದ ಸ್ಥಿತಿ, ಹಿನ್ನೆಲೆ, ನಮ್ಮ ಅಂದಾಜು, ಮುಂದೆ ಮಾಡಬೇಕಾದದ್ದು ಎಂದು ನಾಲ್ಕು ಭಾಗ ಮಾಡಿ ಹೇಳುವ ‘ಎಸ್‌ಬಿಎಆರ್’ ಕ್ರಮ ಅಮೆರಿಕದ ನೌಕಾಪಡೆಯ ಅಣುಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು ಎಂದೂ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ಪಡೆಯುತ್ತಾರೆ. ವಾರ್ಡಿನಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಅವಕಾಶ ಮಾತ್ರ ಅವರಿಗೆ ಸಿಗುವುದು ಅಪರೂಪ.

ಇಲ್ಲಿ ‘ಐ-ಪಾಸ್’ ಎಂಬ ಇನ್ನೊಂದು ಕ್ರಮವನ್ನು ನೆನೆಯಬೇಕು. ಅದರ ಕೊನೆಯ ಹಂತವೆಂದರೆ ಕೇಳಿಸಿಕೊಂಡವರು ತಮಗೆ ಅರ್ಥವಾದದ್ದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳುವುದು. 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕ್ರಮ ಜಾರಿಯಾದ ಮೇಲೆ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದವು. ಆ ಅಧ್ಯಯನ ತರಬೇತಿಯಲ್ಲಿದ್ದ ವೈದ್ಯರನ್ನು ಕುರಿತದ್ದು, ಫಲಿತಾಂಶದ ಶ್ರೇಯಸ್ಸೆಲ್ಲ ಆ ಒಂದೇ ಹಂತಕ್ಕೆ ಸಲ್ಲುವುದೂ ಇಲ್ಲ. ಆದರೂ ವಿದ್ಯಾರ್ಥಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಆ ಹಂತವೇ ಎಂಬುದು ನನ್ನ ಅನುಭವ. ವಾರ್ಡಿನ ಎಲ್ಲರ ಬಿಪಿ ನೋಡುವ ಬದಲು ಅವಳಿಗೆ ಒಬ್ಬಿಬ್ಬರು ರೋಗಿಗಳನ್ನು ಮೊದಲೇ ಗೊತ್ತುಮಾಡಿ ಕೊಡಬೇಕು, ಹತ್ತು ನಿಮಿಷ ಮುಂಚೆ ಬಂದು ಆ ಕೇಸ್ ಶೀಟುಗಳನ್ನು ಓದಿಕೊಂಡಿರಬೇಕು, ಹ್ಯಾಂಡೋವರ್ ವೇಳೆ ಆ ರೋಗಿಯ ಹೊಣೆ ಹೊತ್ತ ನರ್ಸಿನ ಪಕ್ಕದಲ್ಲೇ ಅವಳಿಗೆ ಜಾಗವಿರಬೇಕು, ಮುಗಿದ ಮೇಲೆ ಎರಡು ಮೂರು ವಾಕ್ಯಗಳಲ್ಲಿ ‘ನಾನು ತಿಳಿದುಕೊಂಡದ್ದು ಇಷ್ಟು’ ಎಂದು ಅವಳು ಒಪ್ಪಿಸಬೇಕು. ತಪ್ಪಿದ್ದರೆ ತಿದ್ದಲು ಒಂದೆರಡು ನಿಮಿಷ ಸಾಕು. ಪುರುಸೊತ್ತಿಲ್ಲ ಎನ್ನುವ ಸಹೋದ್ಯೋಗಿಗಳು, ‘ಸಿಸ್ಟರ್, ಇವರಿಗೆ ನೀರು ಕೊಡಬಹುದಾ?’ ಎಂಬಂಥ ಪ್ರಶ್ನೆಗಳಿಗೆ ದಿನವಿಡೀ ಎಷ್ಟು ಸಲ ಕೆಲಸ ಬಿಟ್ಟು ಉತ್ತರಿಸುತ್ತಾರೆಂದು ಎಣಿಸಿ ನೋಡಲಿ. (ಅಂದಹಾಗೆ, ರೋಗಿಯ ಹೆಸರು, ಕಾಯಿಲೆ ಬರೆದುಕೊಂಡ ಚೀಟಿ ಏಪ್ರನ್ ಜೇಬಿನಲ್ಲಿ ಹಾಸ್ಟೆಲ್ ಸೇರಬಾರದು ಎಂಬುದನ್ನೂ ಮೊದಲ ದಿನವೇ ಹೇಳಿಕೊಡಬೇಕು.)

ವಿದ್ಯಾರ್ಥಿನಿ ಹೊರಡುವ ಹೊತ್ತನ್ನಂತೂ ಯಾರೂ ಹ್ಯಾಂಡೋವರ್ ಎಂದು ಪರಿಗಣಿಸುವುದೇ ಇಲ್ಲ. ರೋಗಿಯ ಬಳಿ ಹೆಚ್ಚು ಹೊತ್ತು ಇರುವವಳು ಅನೇಕ ಸಲ ಅವಳೇ. ಮೈ ಒರೆಸುವಾಗ ಬೆನ್ನಿನ ಕೆಳಭಾಗದಲ್ಲಿ ಒತ್ತಿದರೂ ಮಾಸದ ಕೆಂಪು ಕಲೆ ಕಂಡರೆ ಅದು ಒತ್ತಡದ ಹುಣ್ಣಿನ ಮೊದಲ ಗುರುತು. ಊಟದ ತಟ್ಟೆ ಹಾಗೆಯೇ ಉಳಿದದ್ದು ಕಂಡರೆ ಇನ್ಸುಲಿನ್ ಪಡೆದ ರೋಗಿಗೆ ಅದು ಅಪಾಯದ ಸೂಚನೆ. ಕಾಲೇಜಿನ ಬಸ್ಸು ಬಂತೆಂದು ಅವಳು ಓಡಿದರೆ ಆ ಮಾಹಿತಿಯೂ ಬಸ್ಸು ಹತ್ತುತ್ತದೆ.

ನಾನು ಸಹಿ ಹಾಕುತ್ತಿದ್ದ ಲಾಗ್ ಬುಕ್‌ಗಳಲ್ಲಿ ಇಂಜೆಕ್ಷನ್ ಎಷ್ಟು, ಡ್ರೆಸ್ಸಿಂಗ್ ಎಷ್ಟು ಎಂದು ಲೆಕ್ಕವಿರುತ್ತಿತ್ತು. ಎಷ್ಟು ಹ್ಯಾಂಡೋವರ್ ಪಡೆದೆ, ಎಷ್ಟು ಕೊಟ್ಟೆ ಎಂದು ಬರೆಯಲು ಒಂದು ಕಾಲಂ ಕೂಡ ಇರಲಿಲ್ಲ. ಕಾಲೇಜುಗಳು ಆ ಕಾಲಂ ಸೇರಿಸಲಿ ಎಂದೂ, ವಿದ್ಯಾರ್ಥಿಗಳು ಪಾಳಿ ಬದಲಾಗುವುದಕ್ಕೆ ಮುಂಚೆಯೇ ವಾರ್ಡಿನಲ್ಲಿರುವಂತೆ ಬಸ್ಸಿನ ಸಮಯ ಬದಲಿಸಲಿ ಎಂದೂ ಈ ಪತ್ರದ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ನಿವೃತ್ತ ನರ್ಸಿಂಗ್ ಬೋಧಕಿ