ಗಡ್ಡೆಯ ಜೀನ್ ಬೇರೆ, ಮನೆತನದ ಜೀನ್ ಬೇರೆ

ಸಂಪಾದಕರಿಗೆ ನಮಸ್ಕಾರ,

ಬಾಯಿ ಕ್ಯಾನ್ಸರ್ ಕುತ್ತಿಗೆಗೆ ಹರಡುತ್ತದೋ ಇಲ್ಲವೋ ಅಂತ ಜೀನ್ ನೋಡಿ ಮೊದಲೇ ಹೇಳಬಹುದು ಎಂಬ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು. ಸುದ್ದಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಆ ಹೆಡ್ಡಿಂಗ್ ನಮ್ಮ ಮನೆಯಲ್ಲಿ ಎಬ್ಬಿಸಿದ ಗಲಾಟೆಯನ್ನು ನಿಮಗೆ ಹೇಳಲೇಬೇಕು.

ನನ್ನ ಮಾವನಿಗೆ ಬ್ರಹ್ಮಾವರದ ಹತ್ತಿರ ಸ್ವಲ್ಪ ತೋಟವಿದೆ. ಬೆಳಗ್ಗೆ ಎದ್ದರೆ ಬಚ್ಚಿರೆ (ವೀಳ್ಯದೆಲೆ), ಬಜ್ಜೆಯಿ (ಅಡಿಕೆ), ಜೊತೆಗೆ ಹೊಗೆಸೊಪ್ಪು, ನಲವತ್ತು ವರ್ಷದಿಂದ ಅದೇ ಎಡಗೆನ್ನೆಯಲ್ಲಿ. ಅಲ್ಲೊಂದು ಹುಣ್ಣಾಯಿತು. ಹಲ್ಲು ತಾಗಿ ಆಗಿದೆ ಅಂತ ಎಂಟು ತಿಂಗಳು ಸುಮ್ನೆ ಕೂತರು. ನೀರುದೋಸೆ ಮಡಚಿ ಇಡುವಷ್ಟೂ ಬಾಯಿ ತೆರೆಯದೇ ಹೋದಾಗ ಆಸ್ಪತ್ರೆಗೆ ಹೋದೆವು. ಅಷ್ಟರಲ್ಲಿ ಅದು ದವಡೆ ಮೂಳೆಗೆ ಇಳಿದಿತ್ತು, ಅಂದರೆ ನಾಲ್ಕನೇ ಹಂತ. ಕೆನ್ನೆ, ದವಡೆಯ ಒಂದು ಭಾಗ, ಜೊತೆಗೆ ಕುತ್ತಿಗೆಯ ದುಗ್ಧಗ್ರಂಥಿಗಳು (ಬಾಯಿ ಕ್ಯಾನ್ಸರ್ ಹರಡಿದರೆ ಮೊದಲು ಹೋಗಿ ಕೂರುವ ಸಣ್ಣ ಗ್ರಂಥಿಗಳು, ಲಿಂಫ್ ನೋಡ್), ಮೂರನ್ನೂ ಒಂದೇ ಆಪರೇಷನ್‌ನಲ್ಲಿ ತೆಗೆಯಬೇಕು ಎಂದರು.

ಅದೇ ವಾರ ನಿಮ್ಮ ಸುದ್ದಿ ಬಂತು. ದೊಡ್ಡ ಭಾವ ಮೊಬೈಲ್ ಹಿಡಿದುಕೊಂಡು ಬಂದವರೇ, "ಮೊದಲು ಜೀನ್ ಟೆಸ್ಟ್ ಮಾಡಿಸುವ ಮಾರಾಯ್ರೆ, ಹರಡುವುದಿಲ್ಲ ಅಂತ ಬಂದರೆ ಕುತ್ತಿಗೆ ಕೊಯ್ಯುವುದು ಎಂತಕ್ಕೆ?" ಎಂದರು. ಅತ್ತೆಗೆ ಇನ್ನೊಂದು ಚಿಂತೆ. ಜೀನ್ ಅಂದರೆ ವಂಶದ್ದು ಅಲ್ವಾ, ಮಗಳಿಗೆ ಕುಂದಾಪುರದ ಕಡೆಯ ಸಂಬಂಧದ ಮಾತು ನಡೆಯುತ್ತಿದೆ, ಯಾರಿಗೂ ಹೇಳಬೇಡಿ, ಆ ಟೆಸ್ಟೇ ಬೇಡ ಅಂತ ಒಂದೇ ಹಟ. ಒಬ್ಬರಿಗೆ ಟೆಸ್ಟ್ ಬೇಕೇ ಬೇಕು, ಇನ್ನೊಬ್ಬರಿಗೆ ಬೇಡವೇ ಬೇಡ. ಈ ಜಗ್ಗಾಟದಲ್ಲಿ ಹತ್ತು ದಿನ ಹೋಯಿತು.

ಕೊನೆಗೆ ಡಾಕ್ಟರರೇ ಕೂರಿಸಿ ಹೇಳಿದರು, ಆಮೇಲೆ ನಾನೂ ಒಂದಿಷ್ಟು ಓದಿದೆ. ಬಾಯಿ ಕ್ಯಾನ್ಸರ್‌ನಲ್ಲಿ ನೋಡುವ ಈ ಮ್ಯುಟೇಶನ್‌ಗಳಲ್ಲಿ, ಅಂದರೆ ಜೀನ್‌ನಲ್ಲಾದ ಬದಲಾವಣೆಗಳಲ್ಲಿ, ಜಾಸ್ತಿಯವು ಹುಟ್ಟಿನಿಂದ ಬಂದವಲ್ಲ. ಅವು ಗಡ್ಡೆಯೊಳಗೆ ಮಾತ್ರ ಇರುತ್ತವೆ. ಹೊಗೆಸೊಪ್ಪು, ಅಡಿಕೆ, ಸುಣ್ಣ ವರ್ಷಗಟ್ಟಲೆ ಒಂದೇ ಜಾಗಕ್ಕೆ ತಾಗುತ್ತಾ ಇದ್ದರೆ ಅಲ್ಲಿನ ಜೀವಕೋಶಗಳ ಜೀನ್ ಕೆಡುತ್ತದೆ, ಮಾವನ ಉಳಿದ ಮೈಯಲ್ಲಿ ಆ ದೋಷ ಇರುವುದಿಲ್ಲ, ಮಗಳಿಗೆ ಹೋಗುವ ಮಾತೇ ಇಲ್ಲ. ಫ್ಯಾಂಕೋನಿ ಅನೀಮಿಯಾದಂತಹ, ವಂಶದಲ್ಲೇ ಬರುವ ಕೆಲವು ಕಾಯಿಲೆಗಳಿವೆ, ಅವುಗಳಲ್ಲಿ ಬಾಯಿ ಕ್ಯಾನ್ಸರ್ ಅಪಾಯ ಹೆಚ್ಚು. ಆದರೆ ಅವು ತೀರಾ ಅಪರೂಪ.

ಹಾಗಾದರೆ ಸಂಶೋಧಕರು ಜೀನ್ ಯಾಕೆ ನೋಡುತ್ತಾರೆ? ಒಂದೇ ಅಳತೆಯ, ಒಂದೇ ಜಾಗದ ಗಡ್ಡೆ ಒಬ್ಬರಲ್ಲಿ ಕೆನ್ನೆಯಲ್ಲೇ ಕೂತಿರುತ್ತದೆ, ಇನ್ನೊಬ್ಬರಲ್ಲಿ ಕುತ್ತಿಗೆಗೆ ಇಳಿದಿರುತ್ತದೆ. ಕುತ್ತಿಗೆಗೆ ಇಳಿದರೆ ಬದುಕುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎನ್ನುವುದೇ ಅವರ ಹುಡುಕಾಟ. ಟಿಪಿ53 ಎಂಬ ಜೀನ್ ಕೋಶಕ್ಕೆ ಬ್ರೇಕ್ ಇದ್ದ ಹಾಗೆ, ಬಾಯಿ ಕ್ಯಾನ್ಸರ್‌ನಲ್ಲಿ ಅತಿ ಹೆಚ್ಚು ಕೆಡುವುದು ಅದೇ. ಕ್ಯಾಸ್ಪ್8 ಎಂಬುದು ಕೆಟ್ಟ ಕೋಶ ತಾನಾಗಿಯೇ ಸಾಯುವಂತೆ ಮಾಡುವ ಜೀನ್. ಕೆನ್ನೆ, ವಸಡಿನ ಕ್ಯಾನ್ಸರ್ ನಮ್ಮ ದೇಶದಲ್ಲಿ ಜಾಸ್ತಿ ಎಂಬ ಕಾರಣಕ್ಕೆ ನಮ್ಮವರೇ ಅದರ ಜೀನ್‌ಗಳನ್ನು ಓದಿ 2013ರಲ್ಲಿ ಪ್ರಕಟಿಸಿದ್ದಾರೆ. 2019ರ ಇನ್ನೊಂದು ಅಧ್ಯಯನ, ಅದೂ ಭಾರತದ್ದೇ, ಗ್ರಂಥಿಗೆ ಹರಡುವುದಕ್ಕೂ ಕೋಶ ತನ್ನ ಡಿಎನ್‌ಎಯನ್ನು ತಾನೇ ರಿಪೇರಿ ಮಾಡಿಕೊಳ್ಳುವ ವ್ಯವಸ್ಥೆ ಕೆಡುವುದಕ್ಕೂ ನಂಟಿದೆ ಎಂದು ತೋರಿಸಿತು. ಒಳ್ಳೆಯ ಕೆಲಸ, ಹೆಮ್ಮೆಯೂ ಇದೆ.

ಆದರೆ ನೂರಾರು ಗಡ್ಡೆಗಳನ್ನು ಸೇರಿಸಿ ನೋಡಿದಾಗ ಕಾಣುವ ನಂಟನ್ನು ಹಿಡಿದು ನಮ್ಮ ಮಾವನ ಕುತ್ತಿಗೆಯ ಬಗ್ಗೆ ತೀರ್ಮಾನ ಮಾಡಲಿಕ್ಕೆ ಆಗುತ್ತದಾ? ಡಾಕ್ಟರರು ಚಾಕು ಎತ್ತುವುದು ಸ್ಕ್ಯಾನ್, ಬಯಾಪ್ಸಿ, ಗಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ನೋಡಿ. ಮುಂಬೈಯ ಟಾಟಾ ಮೆಮೋರಿಯಲ್‌ನವರು 2015ರಲ್ಲಿ ಪ್ರಕಟಿಸಿದ ಟ್ರಯಲ್ ನೋಡಿ. ಅದು ಆರಂಭದ ಹಂತದವರ ಮೇಲೆ ಮಾಡಿದ್ದು, ಕುತ್ತಿಗೆಯಲ್ಲಿ ಏನೂ ಸಿಗದವರು. ಅವರಲ್ಲೂ ಗ್ರಂಥಿಗಳನ್ನು ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಶೇ. 80 ಮಂದಿ ಬದುಕಿದ್ದರು, ಗಂಟು ಕಾಣಿಸಿದ ಮೇಲೆ ತೆಗೆಸಿದವರಲ್ಲಿ ಶೇ. 67.5. ನಾಲ್ಕನೇ ಹಂತದವರು ಜೀನ್ ರಿಪೋರ್ಟ್‌ಗೆ ಕಾಯುವುದು ಎಂತ ಲೆಕ್ಕ?

ಮಾವನ ಆಪರೇಷನ್ ಆಯಿತು. ತೆಗೆದ ಗ್ರಂಥಿಗಳಲ್ಲಿ ಎರಡರಲ್ಲಿ ಕ್ಯಾನ್ಸರ್ ಇತ್ತು. ಭಾವ ಆ ಕಾಗದವನ್ನು ಎರಡು ಸಲ ಓದಿದರು, ಏನೂ ಹೇಳಲಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಇಂಥ ಸುದ್ದಿ ಹಾಕುವಾಗ ಇದು ಗಡ್ಡೆಯ ಜೀನ್, ವಂಶದ್ದಲ್ಲ, ಇದಕ್ಕಾಗಿ ಚಿಕಿತ್ಸೆ ಮುಂದೂಡಬೇಡಿ ಎಂದು ಎರಡು ಸಾಲು ಹೆಡ್ಡಿಂಗ್ ಕೆಳಗೇ ಹಾಕಿ, ಹನ್ನೊಂದನೇ ಪುಟದಲ್ಲಲ್ಲ. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಬಿಗಿಯುವುದು, ಇವನ್ನು ಹಲ್ಲಿನ ಡಾಕ್ಟರರೇ ನೋಡಿ ಹೇಳಬಲ್ಲರು ಅಂತಲೂ ಸೇರಿಸಿ. ಮಂಗಳೂರು, ಮಣಿಪಾಲದ ಸುತ್ತ ಅವರಿಗೇನು ಬರವೇ?

ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ತಿಂದರೂ ಕ್ಯಾನ್ಸರ್ ಬರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದ್ದನ್ನು ಇಲ್ಲಿ ಬರೆಯಲು ಹೋಗುವುದಿಲ್ಲ. ಅದಕ್ಕೆ ಬೇರೆಯೇ ಪತ್ರ ಬೇಕು, ಮಾವನ ತೋಟದವರಿಂದ ಬೈಗುಳ ತಿನ್ನುವ ಧೈರ್ಯವೂ ಬೇಕು.

ಇಂತಿ,
ಬ್ರಹ್ಮಾವರ ಕಡೆಯ ಒಬ್ಬ ಓದುಗ